ಜುಟ್ಟಿಗೆ ಮಲ್ಲಿಗೆ ಮುಡಿದ ಜೀಪು

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಪೇಟೆಗಳಲ್ಲಿ ಈಗ ಹಳೆಯ ಜೀಪುಗಳಿಗೆ ಮರುಜನ್ಮದ ಕಾಲ. ಒಂದು ಕಾಲಕ್ಕೆ ತೋಟದಲ್ಲಿ ಗೊಬ್ಬರ, ಕಾಫಿ ಮೂಟೆ, ಆಳುಗಳನ್ನು ಹೊತ್ತು ಸವೆದ ಮಹೀಂದ್ರಾ ಎಂಎಂ 540 ಇರಬಹುದು, ಸೈನ್ಯದ ಹರಾಜಿನಲ್ಲಿ ಬಿಕರಿಯಾಗಿ ಬಂದ ಜಿಪ್ಸಿ ಇರಬಹುದು, ಬಣ್ಣ ಬಳಿದುಕೊಂಡು, ಎತ್ತರದ ಟೈರು ತೊಟ್ಟು, ಮುಂದೆ ವಿಂಚು, ಬದಿಯಲ್ಲಿ ಸ್ನಾರ್ಕಲ್, ನೆತ್ತಿಯ ಮೇಲೆ ಸಾಲು ದೀಪ ಕಟ್ಟಿಕೊಂಡು ಭಾನುವಾರ ಬೆಳಿಗ್ಗೆ ಕಾಡುದಾರಿಗೆ ಇಳಿಯುತ್ತವೆ. ನೋಡಲು ಚೆಂದ. ಆದರೆ ಅದೇ ಗಾಡಿಯ ಅಡಿಗೆ ಬಗ್ಗಿ ನೋಡಿದವರಿಗೆ ಕಾಣುವುದು ಬೇರೆ: ಸವೆದು ಹೋದ ರಬ್ಬರ್ ಬುಷ್‌ಗಳು, ಎಣ್ಣೆ ಒಸರುವ ಸೀಲು, ಮಣ್ಣು ಮೆತ್ತಿ ಒಳಗೊಳಗೇ ತುಕ್ಕು ತಿನ್ನುತ್ತಿರುವ ಚಾಸಿ, ಗ್ರೀಸ್ ಕಂಡು ಎಷ್ಟೋ ದಿನವಾದ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಈ ಗಾಡಿಗಳಿಗೆ ಹೇಳಿ ಮಾಡಿಸಿದಂತಿದೆ. ಹಳೆಯ ಫೋರ್ ವೀಲ್ ಗಾಡಿಯ ಹವ್ಯಾಸ ಬೆಳೆಯುತ್ತಿರುವುದಕ್ಕೆ ಯಾರ ತಕರಾರೂ ಇಲ್ಲ. ದುಡ್ಡು ಮಾತ್ರ ತಪ್ಪು ತುದಿಯಿಂದ ಖರ್ಚಾಗುತ್ತಿದೆ. ಕಂಪನಿಯಿಂದ ಹೊರಬಂದ ದಿನ ಗಾಡಿ ಹೇಗಿತ್ತೋ ಮೊದಲು ಅಲ್ಲಿಗೆ ಅದನ್ನು ತಂದು ನಿಲ್ಲಿಸದೆ ಮೇಲಿನ ಅಲಂಕಾರಕ್ಕೆ ಕೈಹಾಕುವುದು ಬರೀ ದುಂದಲ್ಲ, ಘಟ್ಟದ ಇಳಿಜಾರಿನಲ್ಲಿ ಜೀವಕ್ಕೆ ಬರುವ ಸಂಗತಿ.

ಈ ಗಾಡಿಗಳು ಹುಟ್ಟಾ ಬಡಪಾಯಿಗಳೇನಲ್ಲ. 1947ರಲ್ಲಿ ಮಹೀಂದ್ರಾ ಕಂಪನಿ ಅಮೆರಿಕದ ವಿಲ್ಲಿಸ್ ಜೀಪುಗಳ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸಲು ಹೊರಟಾಗ ಆ ವಿನ್ಯಾಸ ಎರಡನೇ ಮಹಾಯುದ್ಧದ ಕೆಸರಿನಲ್ಲಿ ಪಾಸಾಗಿ ಬಂದಿತ್ತು. ಅದೇ ವಂಶದ ಎಂಎಂ 540 ಪ್ಯೂಜೋ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್ನಿನೊಂದಿಗೆ 1985ರಲ್ಲಿ ಬಂತು. ಸುಜುಕಿಯ ಎಸ್‌ಜೆ 410 ಮಾದರಿಯ ಮೇಲೆ ಕಟ್ಟಿದ ಮಾರುತಿ ಜಿಪ್ಸಿಯೂ ಅದೇ ವರ್ಷದ್ದು. ಮೊದಲ ಜಿಪ್ಸಿಗೆ ಇದ್ದದ್ದು 970 ಸಿಸಿ ಎಂಜಿನ್, 45 ಅಶ್ವಶಕ್ತಿಯ ಆಸುಪಾಸು. ಇಂದಿನ ಸಣ್ಣ ಕಾರುಗಳೂ ನಗುವಂಥ ಅಂಕಿ. ಹಾಗಿದ್ದೂ ಅದು ಕಾರು ಸುಳಿಯದ ಜಾಗಕ್ಕೆ ಹತ್ತಿತು. ಗಾಡಿಯ ತೂಕ ಒಂದು ಟನ್ನಿನ ಒಳಗೆ, ಗಟ್ಟಿ ಏಣಿಚಾಸಿ, ಹಿಂದೆ ಮುಂದೆ ಇಡಿಯಾದ ಆಕ್ಸಲ್, ಎಲ್ಲಕ್ಕಿಂತ ಮುಖ್ಯವಾಗಿ ಲೋ ಗೇರ್. ಎಂಜಿನ್ನಿನ ಅಲ್ಪ ಬಲವನ್ನು ಟ್ರಾನ್ಸ್‌ಫರ್ ಕೇಸ್ ಹಲವು ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತದೆ. ಗಾಡಿ ನಡಿಗೆಯ ವೇಗದಲ್ಲಿ ಉಸಿರು ಕಟ್ಟದೆ ಏರುತ್ತದೆ, ಇಳಿಯುವಾಗ ಬ್ರೇಕ್ ಮುಟ್ಟದೆ ಎಂಜಿನ್ನಿನ ಹಿಡಿತದಲ್ಲೇ ಇಳಿಯುತ್ತದೆ.

ಈ ಲೆಕ್ಕಾಚಾರವನ್ನೇ ದೊಡ್ಡ ಟೈರು ಕೆಡಿಸುತ್ತದೆ. ಜಿಪ್ಸಿಯ ನಂತರದ ಮಾದರಿಯಾದ ಜಿಪ್ಸಿ ಕಿಂಗ್‌ಗೆ ಕಂಪನಿ ಕೊಟ್ಟದ್ದು 205/70 ಆರ್ 15 ಅಳತೆಯ ಟೈರು. ಅದರ ವ್ಯಾಸ ಇಪ್ಪತ್ತಾರಿಂಚಿನ ಮೇಲೆ ಚೂರು. ಹವ್ಯಾಸಿಗಳು ಆಸೆಪಟ್ಟು ಹಾಕಿಸುವುದು 31 ಇಂಚಿನದು. ಅಂದರೆ ವ್ಯಾಸ ಸುಮಾರು ಶೇಕಡಾ 18ರಷ್ಟು ಹೆಚ್ಚಿತು. ಎಲ್ಲ ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ಉದ್ದವಾದವು, ಲೋ ಗೇರಿನ ಬಲ ಅದಕ್ಕೆ ತಕ್ಕಂತೆ ಕುಗ್ಗಿತು. ಸ್ಪೀಡೋಮೀಟರ್ 50 ತೋರಿಸುವಾಗ ಗಾಡಿ 59ರಲ್ಲಿ ಓಡುತ್ತಿರುತ್ತದೆ. ಬ್ರೇಕು ಹಳೆಯದೇ, ನಿಲ್ಲಿಸಬೇಕಾದ ಚಕ್ರ ಮಾತ್ರ ದೊಡ್ಡದು, ಭಾರದ್ದು. ಇಷ್ಟೆಲ್ಲ ಕಳೆದುಕೊಂಡು ಆಕ್ಸಲ್ಲಿನ ಅಡಿಯಲ್ಲಿ ಸಿಕ್ಕ ಜಾಗ ಎಷ್ಟು? ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧ, ಎರಡೂವರೆ ಇಂಚಿಗಿಂತ ಕಡಿಮೆ. ಕ್ರೌನ್ ಪಿನಿಯನ್ ಬದಲಿಸಿ ಗೇರಿನ ಅನುಪಾತವನ್ನು ಸರಿದೂಗಿಸುವವರೂ ಇದ್ದಾರೆ. ಅವರ ಮಾತು ಬೇರೆ. ಬಹುತೇಕರು ಟೈರಿನ ಅಂಗಡಿಯಿಂದ ನೇರ ಹಳ್ಳಕ್ಕೆ ಹೋಗುತ್ತಾರೆ.

ಹಳ್ಳದ ಮಾತು ಬಂದಾಗ ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆದುಕೊಡುವ ಕೊಳವೆ, ಸ್ನಾರ್ಕಲ್ಲಿನ ಮಾತೂ ಬರುತ್ತದೆ. ನೀರು ಎಂಜಿನ್ನಿನ ಒಳಗೆ ಹೊಕ್ಕರೆ ಕಥೆ ಮುಗಿದಂತೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು, ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ಹಾಗಾಗಿ ಸ್ನಾರ್ಕಲ್ ವ್ಯರ್ಥವೇನಲ್ಲ, ಅದರ ಕೀಲುಗಳಿಗೆಲ್ಲ ಸೀಲಂಟ್ ಸರಿಯಾಗಿ ಬಿದ್ದಿದ್ದರೆ. ಆದರೆ ಮಲೆನಾಡಿನ ಹಳ್ಳಗಳಲ್ಲಿ ಬಾನೆಟ್ ಮುಳುಗುವಷ್ಟು ನೀರಿಗೆ ಇಳಿಯುವವರು ಕಮ್ಮಿ. ಮೊಣಕಾಲುದ್ದದ ನೀರಿಗೆ ಎಲ್ಲರೂ ಇಳಿಯುತ್ತಾರೆ, ಹಾಳಾಗುವುದೂ ಅಲ್ಲೇ. ಅರ್ಧ ಗಂಟೆ ಏರು ಹತ್ತಿ ಬಂದ ಗಾಡಿಯ ಆಕ್ಸಲ್ ಹೌಸಿಂಗ್ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ. ತಣ್ಣನೆ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಒಳಗೆಳೆಯುತ್ತದೆ. ಹೌಸಿಂಗಿನ ನೆತ್ತಿಯ ಮೇಲಿರುವ ಬ್ರೀದರ್ ಎಂಬ ಪುಟ್ಟ ಮೂತಿ ಕೆಸರು ಕಟ್ಟಿ ಮುಚ್ಚಿದ್ದರೆ ಸವೆದ ಸೀಲಿನ ಸಂದಿನಿಂದ ನೀರು ಸೇರುತ್ತದೆ, ಮೂತಿಯೇ ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದಲೇ ಸೇರುತ್ತದೆ. ಮನೆಗೆ ಬಂದು ಡ್ರೇನ್ ಬೋಲ್ಟ್ ಬಿಚ್ಚಿದರೆ ಕಪ್ಪು ಗೇರ್ ಎಣ್ಣೆಯ ಬದಲು ಹಾಲು ಕಾಫಿಯ ಬಣ್ಣದ ಗಂಜಿ ಇಳಿಯುತ್ತದೆ. ಬಿಚ್ಚಿ ನೋಡದವರ ಗಾಡಿಯಲ್ಲಿ ಅದು ಅಲ್ಲೇ ಉಳಿದು ಬೇರಿಂಗನ್ನೂ ಕ್ರೌನನ್ನೂ ನಿಧಾನಕ್ಕೆ ತಿಂದುಹಾಕುತ್ತದೆ. ಪರಿಹಾರವೇನೂ ದೊಡ್ಡದಲ್ಲ. ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಅದರ ಬಾಯಿಯನ್ನು ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ಕಟ್ಟಿದರೆ ಆಯಿತು. ಪೈಪಿನ ಬೆಲೆಯನ್ನು ಸ್ನಾರ್ಕಲ್ಲಿನ ಬೆಲೆಯ ಪಕ್ಕ ಇಡಲೂ ಆಗದು. ಆದರೆ ಆ ಪೈಪು ಫೋಟೊದಲ್ಲಿ ಕಾಣುವುದಿಲ್ಲವಲ್ಲ!

ಸ್ಟೇರಿಂಗ್ ನಡುಕದ ಕಥೆಯೂ ಹೀಗೆಯೇ. ಅರವತ್ತರ ವೇಗದಲ್ಲಿ ಸಣ್ಣ ಗುಂಡಿ ಸಿಕ್ಕರೆ ಸಾಕು, ಮುಂದಿನ ಚಕ್ರಗಳು ಎಡಬಲಕ್ಕೆ ಹುಚ್ಚು ಹಿಡಿದಂತೆ ಹೊಯ್ದಾಡುತ್ತವೆ, ಗಾಡಿ ನಿಂತೇ ಅದು ನಿಲ್ಲಬೇಕು. ಇದಕ್ಕೆ ಅಂಗಡಿಯವರು ಮಾರುವ ಮದ್ದು ಸ್ಟೇರಿಂಗ್ ಡ್ಯಾಂಪರ್. ಅದು ನೋವನ್ನು ಮರೆಸೀತು, ರೋಗ ವಾಸಿ ಮಾಡದು. ಅನುಭವಸ್ಥ ಮೇಸ್ತ್ರಿ ಮೊದಲು ಮುಂದಿನ ಆಕ್ಸಲ್ಲಿಗೆ ಜ್ಯಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತುತ್ತಾನೆ. ಒಂದು ಕೈ ಟೈರಿನ ಮೇಲೆ, ಇನ್ನೊಂದು ಕೆಳಗೆ ಇಟ್ಟು ಒಳಕ್ಕೂ ಹೊರಕ್ಕೂ ಅಲುಗಿಸುತ್ತಾನೆ. ಟಕ್ ಎಂದು ಆಡಿದರೆ ಕಿಂಗ್‌ಪಿನ್ ಬೇರಿಂಗೋ ವೀಲ್ ಬೇರಿಂಗೋ ಸವೆದಿದೆ. ಇನ್ನೊಬ್ಬನನ್ನು ಬ್ರೇಕ್ ಒತ್ತಿ ಕೂರಿಸಿ ಮತ್ತೆ ಅಲುಗಿಸುತ್ತಾನೆ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಆಮೇಲೆ ಟೈ ರಾಡಿನ ತುದಿಗಳು, ಕಮಾನು ಪಟ್ಟಿಯ ಬುಷ್‌ಗಳು, ಸ್ಟೇರಿಂಗ್ ಬಾಕ್ಸ್ ಕೂತ ಬೋಲ್ಟುಗಳು. ಹತ್ತು ನಿಮಿಷದ ಕೆಲಸ, ಕಂಪ್ಯೂಟರ್ ಬೇಡ, ಸ್ಕ್ಯಾನರ್ ಬೇಡ.

ಗಾಡಿ ಎತ್ತರಿಸುವ ಕಿಟ್‌ಗಳಿಗೂ ಒಳ್ಳೆಯ ಮಾರುಕಟ್ಟೆ ಇದೆ. ವರ್ಷಗಟ್ಟಲೆ ಭಾರ ಹೊತ್ತ ಕಮಾನು ಪಟ್ಟಿ ಚಪ್ಪಟೆಯಾಗಿ ಗಾಡಿ ತಾನಾಗಿಯೇ ಎರಡಿಂಚು ಕುಸಿದಿರುತ್ತದೆ. ಆ ಪಟ್ಟಿಗಳನ್ನು ಬಿಚ್ಚಿ ಮತ್ತೆ ಬಾಗು ಕೊಡಿಸಿ, ಮುರಿದ ಎಲೆ ಬದಲಿಸಿ, ಹೊಸ ಬುಷ್, ಹೊಸ ಯು-ಬೋಲ್ಟ್ ಹಾಕಿಸಿದರೆ ಕಳೆದುಹೋದ ಎತ್ತರ ವಾಪಸ್ ಬರುತ್ತದೆ. ಅದನ್ನು ಬಿಟ್ಟು ಸತ್ತ ಪಟ್ಟಿಯ ಮೇಲೆ ನಾಲ್ಕಿಂಚು ಏರಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಕ್ರಾಸ್‌ಗಳು ಬೇಗ ಸವೆಯುತ್ತವೆ, ಬ್ರೇಕ್ ಹೋಸ್ ಎಳೆದು ಬಿಗಿಯಾಗುತ್ತದೆ, ಮೊದಲೇ ಅಗಲ ಕಮ್ಮಿಯ ಗಾಡಿ ಪಕ್ಕಕ್ಕೆ ವಾಲಿದರೆ ಮಗುಚಲು ಇನ್ನಷ್ಟು ಹತ್ತಿರವಾಗುತ್ತದೆ. ಎತ್ತರವಷ್ಟೇ ಅಲ್ಲ, ಬ್ರೇಕಿನ ಕಡೆಗೂ ಕಣ್ಣಿರಬೇಕು: ಹಳೆಯ ಜೀಪುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನೀರು ದಾಟಿದ ಮೇಲೆ ಸ್ವಲ್ಪ ದೂರ ಪೆಡಲನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳದಿದ್ದರೆ ಮುಂದಿನ ಇಳಿಜಾರಿನಲ್ಲಿ ಅದು ಕೈಕೊಡುತ್ತದೆ. ತೋಟದ ಹಳೆಯ ಡ್ರೈವರುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅಲಂಕಾರವಿಲ್ಲದ ಗಾಡಿ ಏನು ಮಾಡಬಲ್ಲದು ಎಂದು ನೋಡಬೇಕೆನ್ನುವವರು ಕೊಡಚಾದ್ರಿಗೆ ಹೋಗಬೇಕು. ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದ ಬೆಟ್ಟ, ಕೊಲ್ಲೂರು ಕಡೆಯಿಂದಲೂ ನಿಟ್ಟೂರು ಕಡೆಯಿಂದಲೂ ಬಾಡಿಗೆ ಜೀಪುಗಳು ಭಕ್ತರನ್ನೂ ಪ್ರವಾಸಿಗರನ್ನೂ ತುಂಬಿಕೊಂಡು ಹತ್ತುತ್ತವೆ. ದಾರಿ ಎನ್ನುವುದು ಹೆಸರಿಗೆ ಮಾತ್ರ. ಬಂಡೆ, ಕೊರಕಲು, ಒಂದು ಪಕ್ಕ ಕಂದಕ. ಬಹುಪಾಲು ಜೀಪುಗಳಲ್ಲಿ ವಿಂಚಿಲ್ಲ, ಸ್ನಾರ್ಕಲ್ಲಿಲ್ಲ, ದೀಪದ ಸಾಲಿಲ್ಲ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಓಡುವ ಜೀಪುಗಳೂ ಹಾಗೆಯೇ. ಈ ಚಾಲಕರಿಗೆ ಗಾಡಿ ಅನ್ನದ ಬಟ್ಟಲು. ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಯಿತು. ಆದ್ದರಿಂದ ಕ್ಲಚ್ಚು, ಬ್ರೇಕು, ಪಟ್ಟಿ, ಗ್ರೀಸು, ಇವಿಷ್ಟರ ಮೇಲೆ ಅವರ ಕಣ್ಣು. ಜನ ತುಂಬುವುದರಲ್ಲಿ ಅವರು ಮಿತಿ ಮೀರುವುದುಂಟು, ಅದನ್ನು ಒಪ್ಪಲಾಗದು. ಆದರೆ ಗಾಡಿಯ ಯಾವ ಭಾಗಕ್ಕೆ ದುಡ್ಡು ಸುರಿಯಬೇಕೆಂಬ ವಿಷಯದಲ್ಲಿ ಅವರೇ ಗುರುಗಳು.

ಕಾನೂನಿನ ಕಡೆ ತಿರುಗಿದರೆ ಹವ್ಯಾಸಿಗಳ ಸಿಟ್ಟು ಏರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೂ ಗಾಡಿಗೂ ಹೊಂದಾಣಿಕೆ ತಪ್ಪುವಂಥ ಬದಲಾವಣೆ ಮಾಡುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಇನ್ನಷ್ಟು ಖಚಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಬಂದ ಮೇಲೆ ಅಕ್ರಮ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮುಂದೆ ಕಟ್ಟುವ ಕಬ್ಬಿಣದ ಬುಲ್ ಬಾರ್ ಬಗ್ಗೆ 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ರಾಜ್ಯಗಳಿಗೆ ಎಚ್ಚರಿಕೆ ಕಳಿಸಿತ್ತು. ಹರಿಯಾಣದ ಮಂಡಿ ದಬ್ವಾಲಿಯಲ್ಲಿ ಜೀಪುಗಳನ್ನು ಬೇಕಾದ ರೂಪಕ್ಕೆ ಕಟ್ಟಿಕೊಡುವ ದೊಡ್ಡ ಕಸುಬೇ ಬೆಳೆದಿದೆ. ಅಂಥ ಕಡೆಯಿಂದ ಅಗ್ಗಕ್ಕೆ ಸಿಕ್ಕಿತೆಂದು ತರುವವರು ಚಾಸಿ ನಂಬರು, ಎಂಜಿನ್ ನಂಬರು ಕಾಗದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡದಿದ್ದರೆ ವಿಮೆಯೂ ಇಲ್ಲ, ಮರುನೋಂದಣಿಯೂ ಇಲ್ಲ.

ಈ ಕಾನೂನಿಗೂ ಒಂದು ಕುರುಡುತನವಿದೆ. ಚಂದಕ್ಕೆ ಹಾಕಿಸಿದ ದೈತ್ಯ ಟೈರನ್ನೂ ಮಗುಚಿದಾಗ ತಲೆ ಉಳಿಸುವ ರೋಲ್ ಕೇಜನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮೂವತ್ತು ವರ್ಷದ ಹಿಂದಿನ ಗಾಡಿಗೆ ಮುಂದಿನ ಡಿಸ್ಕ್ ಬ್ರೇಕು, ಮೂರು ಬಿಂದುವಿನ ಸೀಟ್ ಬೆಲ್ಟು ಕೂರಿಸಿಕೊಳ್ಳುವ ಮಾಲೀಕ ರಸ್ತೆಯ ಮೇಲಿನ ಎಲ್ಲರಿಗೂ ಉಪಕಾರ ಮಾಡುತ್ತಿದ್ದಾನೆ. ಅವನು ಪರಿಣತರ ತಪಾಸಣೆಗೆ ಗಾಡಿ ಒಡ್ಡಿ, ಶುಲ್ಕ ಕಟ್ಟಿ, ಕಾಗದದಲ್ಲಿ ನಮೂದಿಸಿಕೊಳ್ಳುವ ಸರಳ ದಾರಿ ಬೇಕು. ಹದಿನೈದು ವರ್ಷ ದಾಟಿದ ಖಾಸಗಿ ಕಾರು, ಜೀಪುಗಳ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಅಷ್ಟು ದುಡ್ಡು ಪಡೆದ ಮೇಲೆ ಹಾರ್ನು, ಇಂಡಿಕೇಟರು ನೋಡಿ ಕಳಿಸದೆ ಗಾಡಿಯನ್ನು ಎತ್ತಿ ಅಡಿಯನ್ನೂ ನೋಡುವ ಕೆಲಸ ಎಲ್ಲ ಕಡೆ ಕಡ್ಡಾಯವಾಗಬೇಕು.

ಹಾಗಾದರೆ ಏನನ್ನೂ ಹಾಕಿಸಲೇಬಾರದೇ? ಹಾಕಿಸಬೇಕು, ಸರದಿ ತಪ್ಪದೆ. ಚಾಸಿಯ ತುಕ್ಕನ್ನು ಸುತ್ತಿಗೆಯಿಂದ ತಟ್ಟಿ ನೋಡಿ ಬೆಸುಗೆ ಹಾಕಿಸುವುದು, ಎಲ್ಲ ಎಣ್ಣೆ, ಸೀಲು, ಬುಷ್, ಬ್ರೇಕ್ ಪೈಪು ಹೊಸದು ಮಾಡುವುದು ಮುಗಿದ ಮೇಲೆ ಮೊದಲ ಖರ್ಚು ಕಂಪನಿ ಅಳತೆಗೆ ಹತ್ತಿರದ ಒಳ್ಳೆಯ ಮಡ್ ಟೈರಿಗೆ ಹೋಗಲಿ. ಜೊತೆಗೊಂದು ಗಾಳಿ ಪಂಪು. ಕೆಸರಿನಲ್ಲಿ ಗಾಳಿಯನ್ನು 18–20 ಪಿಎಸ್ಐಗೆ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಬಿಟ್ಟಿ ಸಿಗುವ ಈ ಹಿಡಿತವನ್ನು ಬಿಟ್ಟು ಸಾವಿರಾರು ರೂಪಾಯಿ ಚೆಲ್ಲುವವರೇ ಹೆಚ್ಚು. ಟಾರಿಗೆ ಮರಳುವ ಮುಂಚೆ ಮತ್ತೆ ತುಂಬಿಸಬೇಕು, ಫೋರ್ ವೀಲನ್ನೂ ಬಿಡಿಸಬೇಕು. ಒಣ ರಸ್ತೆಯ ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕಾಗಿ ಶಾಫ್ಟುಗಳು ತಿರುಚಿಕೊಳ್ಳುತ್ತವೆ. ಆಮೇಲೆ ಚಾಸಿಗೇ ಬೋಲ್ಟು ಹಾಕಿದ ಎಳೆಯುವ ಕೊಕ್ಕೆ, ಹಿಂದೊಂದು ಮುಂದೊಂದು. ಬಂಪರಿಗೆ ಬೆಸೆದ ಕೊಕ್ಕೆ ಎಳೆತಕ್ಕೆ ಕಿತ್ತು ಬಂದರೆ ಗುಂಡಿನಂತೆ ಹಾರುತ್ತದೆ. ವಿಂಚು ಬೇಕೇಬೇಕೆಂದರೆ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯಬಲ್ಲದ್ದೇ ಬೇಕು. ಅಷ್ಟಾಗಿಯೂ ಹುರುಪು, ಕಾಸು ಎರಡೂ ಉಳಿದಿದ್ದರೆ ದೀಪದ ಸಾಲು ಬರಲಿ.

ಮಳೆಗಾಲಕ್ಕೆ ಮುಂಚೆ ಅಡಿಗೆಲ್ಲ ಸುಟ್ಟ ಎಂಜಿನ್ ಎಣ್ಣೆ ಹೊಡೆಸುವ ಹಳೆಯ ಪದ್ಧತಿ ಇನ್ನೂ ಕೆಲವೆಡೆ ಇದೆ. ತುಕ್ಕು ತಡೆಯುತ್ತದೆಂಬ ನಂಬಿಕೆ. ಆ ಎಣ್ಣೆ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ, ದಾಟಿದ ಮೊದಲ ಹಳ್ಳದಲ್ಲೇ ತೊಳೆದುಹೋಗಿ ಕೆಳಗಿನ ಊರಿನವರ ನೀರಿಗೆ ಸೇರುತ್ತದೆ. ಇದಕ್ಕೆಂದೇ ಸಿಗುವ ಮೇಣದಂಥ ಲೇಪನಕ್ಕೆ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಘಟ್ಟದ ಹುಲ್ಲುಗಾವಲಿಗೆ ಗಾಡಿ ನುಗ್ಗಿಸುವುದಂತೂ ಯಾವ ಲೆಕ್ಕದಲ್ಲೂ ಸಲ್ಲದು. ಟೈರು ಬಗೆದ ಜೋಡಿ ಗೆರೆ ಮುಂದಿನ ಮಳೆಗೆ ನೀರಿನ ಕಾಲುವೆ, ಅದರ ಮುಂದಿನ ಮಳೆಗೆ ಕೊರಕಲು.

ಕಾಡುದಾರಿಯ ಸ್ಪರ್ಧೆಗಳಲ್ಲಿ ಗಾಡಿ ಆರಂಭದ ಗೆರೆ ದಾಟುವ ಮುಂಚೆ ತಪಾಸಣೆ ನಡೆಯುತ್ತದೆ, ಕೊಕ್ಕೆ, ಬೆಲ್ಟು, ಬ್ರೇಕು ಸರಿಯಿಲ್ಲದಿದ್ದರೆ ವಾಪಸ್. ವಾಟ್ಸ್ಆ್ಯಪ್ ಗುಂಪು ಕಟ್ಟಿಕೊಂಡು ಹೊರಡುವ ವಾರಾಂತ್ಯದ ಸವಾರಿಗಳಲ್ಲಿ ಆ ಪದ್ಧತಿ ಅಪರೂಪ. ಹೊರಡುವ ಜಾಗದಲ್ಲಿ ತಿಂಡಿ, ಫೋಟೊ ಮುಗಿಯುವಷ್ಟು ಹೊತ್ತಿನಲ್ಲಿ ಪ್ರತಿ ಗಾಡಿಯ ಮುಂದಿನ ಚಕ್ರ ಎತ್ತಿ ಅಲುಗಿಸಿ ನೋಡಬಹುದು, ಬ್ರೇಕ್ ಎಣ್ಣೆಯ ಮಟ್ಟ ನೋಡಬಹುದು, ಕೊಕ್ಕೆ ಎಲ್ಲಿಗೆ ಬೋಲ್ಟಾಗಿದೆ ಎಂದು ಕೇಳಬಹುದು. ಕಿಂಗ್‌ಪಿನ್ ಆಡುವ ಜೀಪಿನ ಮಾಲೀಕನನ್ನು ಆ ದಿನ ಬೇರೆಯವರ ಗಾಡಿಯಲ್ಲಿ ಕೂರಿಸಿ ಕರೆದೊಯ್ಯುವ ಧೈರ್ಯ ಮುಂದಾಳುಗಳಿಗೆ ಬರಬೇಕು, ಅವನ ಟೈರು ಎಷ್ಟೇ ದೊಡ್ಡದಿರಲಿ.