ಬಾಡಿಗೆ ಮನೆಯ ಹಾವುಗಳು

ಬೆಂಗಳೂರಿನ ಚಿಕ್ಕದೊಂದು ಬಾಡಿಗೆ ಮನೆಯಲ್ಲಿ ತರುಣನೊಬ್ಬ ಮೂರು ಬಾಲ್ ಪೈಥಾನ್ ಹಾವುಗಳನ್ನು ಸಾಕಿರುವನೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಕೇಳಿದವರೆಲ್ಲ ನೆರೆಹೊರೆಯವರಿಗಾಗಿ ಹೆದರಿದರು. ನನಗೆ ಮರುಕ ಹುಟ್ಟಿದ್ದು ಹಾವುಗಳ ಬಗ್ಗೆ.

ಆಫ್ರಿಕಾ ಮೂಲದ ಈ ಹಾವಿಗೆ ವಿಷವಿಲ್ಲ. ಸಾಕಿದರೆ 20 ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ನಮ್ಮ ಬಾಡಿಗೆ ಕರಾರಿನ ಆಯುಷ್ಯವೋ, ಸಾಮಾನ್ಯವಾಗಿ 11 ತಿಂಗಳು! ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದ ಈ ಜೀವಿಗೆ ಪ್ರತ್ಯೇಕ ಪೆಟ್ಟಿಗೆ, ಹಗಲಿರುಳೂ ಹದವಾದ ಶಾಖ, ನುಂಗಲು ಇಲಿ ಬೇಕು. ಮಾಲೀಕರು ಮನೆ ಬಿಡಿಸಿದರೆ ಮೂರೂ ಹೋಗುವುದೆಲ್ಲಿಗೆ? ಸಾಕಿದ ಹಾವನ್ನು ಹೊರಗೆ ಬಿಟ್ಟರೆ ಏನಾದೀತೆಂಬುದಕ್ಕೆ ಅಮೆರಿಕದ ಫ್ಲಾರಿಡಾ ಸಾಕ್ಷಿ. ಸಾಕಿದವರ ಕೈತಪ್ಪಿದ ಬರ್ಮಾ ಹೆಬ್ಬಾವುಗಳು ಅಲ್ಲಿನ ಎವರ್‌ಗ್ಲೇಡ್ಸ್ ಜೌಗುನಾಡಿನಲ್ಲಿ ಹಬ್ಬಿ, ಕಾಡುಪ್ರಾಣಿಗಳ ಸಂತತಿಯನ್ನೇ ಕರಗಿಸಿವೆ.

ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಿಡದು. ಬಾಲ್ ಪೈಥಾನಿನಂಥ ವಿದೇಶಿ ಜೀವಿಗಳ ಒಡೆತನವನ್ನು 2024ರ ನಿಯಮಗಳಂತೆ ನೋಂದಾಯಿಸಬೇಕು. ಆದರೆ ನೋಂದಣಿ ಪತ್ರವು ಜಾಗ ಒದಗಿಸದು.

ಸಾಕುವ ಆಸೆಯನ್ನೇ ನಾನು ತಪ್ಪೆನ್ನಲಾರೆ. ಆದರೆ ಓದುಗ ಮಿತ್ರರೇ, ಅಷ್ಟು ವರ್ಷಗಳ ನೆಲೆ ಖಚಿತವಿಲ್ಲದವರು ಒಂದನ್ನೂ ತರಬಾರದು. ತಂದವರು ಎರಡನೆಯದನ್ನು ಸೇರಿಸಬಾರದು.