ಸೊನ್ನೆ ಬಡ್ಡಿ ಎಂಬ ಎರಡೂವರೆ ರೂಪಾಯಿ ಬಡ್ಡಿ

ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಅಂಗಡಿಬೀದಿಗಳಲ್ಲಿಯೂ ಬಂಗಾರಪೇಟೆಯ ಬಜಾರಿನಲ್ಲಿಯೂ ಈಗ ಗಿರವಿ ಅಂಗಡಿಗಳಿಗೆ ಸರಿಸಮನಾಗಿ, ಕೆಲವೆಡೆ ಅವುಗಳ ಮಗ್ಗುಲಿಗೇ, ಮೊಬೈಲು ಅಂಗಡಿಗಳು ತಲೆಯೆತ್ತಿವೆ. ಗಿರವಿ ಅಂಗಡಿಯ ಫಲಕವಾದರೂ ತಾನು ಸಾಲ ಕೊಡುವ ಸ್ಥಳವೆಂಬುದನ್ನು ಮರೆಮಾಚುವುದಿಲ್ಲ; ಮೊಬೈಲು ಅಂಗಡಿಯ ಫಲಕವೋ ‘ಸೊನ್ನೆ ಬಡ್ಡಿ’, ‘ಸೊನ್ನೆ ಡೌನ್ ಪೇಮೆಂಟ್’ ಎಂದು ಸೊನ್ನೆಗಳನ್ನೇ ದಪ್ಪಕ್ಷರದಲ್ಲಿ ಬರೆದುಕೊಂಡು, ಒಳಗೆ ನಡೆಯತಕ್ಕದ್ದು ಸಾಲದ ವ್ಯವಹಾರವೆಂಬ ಭಾವನೆಯೇ ಹುಟ್ಟದಂತೆ ಗಿರಾಕಿಯನ್ನು ಬರಮಾಡಿಕೊಳ್ಳುತ್ತದೆ. ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲಗಳಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಜನಕ್ಕೆ ಇಂದು ಮೊಬೈಲೆಂಬುದು ವಿಲಾಸದ ವಸ್ತುವಲ್ಲ. ಹಾಜರಿ ಹಾಕುವುದು ಅದರಲ್ಲಿ, ಸಂಬಳ ಬಂದ ಸುದ್ದಿ ತಿಳಿಯುವುದು ಅದರಲ್ಲಿ, ರೈಲಿನ ಪಾಸು ತೆಗೆಯುವುದೂ ಬಂಗಾರಪೇಟೆಯ ಬಿಳಿನೀರಿನ ಪಾನಿಪುರಿಗೆ ದುಡ್ಡು ಕೊಡುವುದೂ ಅದರಲ್ಲಿಯೇ. ಇಂತಹ ಅವಶ್ಯವಸ್ತುವನ್ನು ಒಂದೇ ಸಲಕ್ಕೆ ಹಣ ತೆತ್ತು ಕೊಳ್ಳಲಾರದವನು ಯಾವ ಬಂಧನಕ್ಕೆ ಒಳಗಾದರೆ ಕಡಿಮೆ ನಷ್ಟವೆಂಬುದು ಸಣ್ಣ ಪ್ರಶ್ನೆಯೇನೂ ಅಲ್ಲ.

ಲೋಕದಲ್ಲಿ ಇದಕ್ಕೆ ಎರಡು ಮಾರ್ಗಗಳು ರೂಢಿಯಲ್ಲಿವೆ. ಒಂದು, ದೂರವಾಣಿ ಕಂಪನಿಯೇ ಫೋನನ್ನು ಕಡಿಮೆ ಬೆಲೆಗೆ ಕೊಟ್ಟು, ಅದಕ್ಕೆ ಪ್ರತಿಯಾಗಿ ಎರಡು ಮೂರು ವರ್ಷ ತನ್ನ ಸಂಪರ್ಕವನ್ನೇ ಬಳಸತಕ್ಕದ್ದೆಂದು ಕರಾರು ಬರೆಸಿಕೊಳ್ಳುವುದು. ಇನ್ನೊಂದು, ಸಂಪರ್ಕದ ಗೊಡವೆಯೇ ಇಲ್ಲದ ಸಾಲದ ಕಂಪನಿಯೊಂದು ಅಂಗಡಿಗೆ ಹಣ ಕೊಟ್ಟು, ಗಿರಾಕಿಯಿಂದ ತಿಂಗಳು ತಿಂಗಳೂ ಕಂತು ವಸೂಲು ಮಾಡುವುದು. ಮೊದಲನೆಯದು ಅಮೆರಿಕದಲ್ಲಿ ಬಹುಕಾಲ ನಡೆದುಬಂದ ಪದ್ಧತಿ, ಎರಡನೆಯದು ನಮ್ಮದು. 2008ರಲ್ಲಿ ಅಮೆರಿಕದಲ್ಲಿ ಎರಡು ವರ್ಷದ ಕರಾರಿನ ಮೇಲೆ 199 ಡಾಲರಿಗೆ ದೊರೆಯುತ್ತಿದ್ದ ಐಫೋನು ಅದೇ ವರ್ಷದ ಆಗಸ್ಟಿನಲ್ಲಿ ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ ಸುಮಾರು 31,000 ರೂಪಾಯಿಯಾಗಿದ್ದುದನ್ನು ಕಂಡು ನಮ್ಮವರು ಇದೇನು ಹಗಲುದರೋಡೆಯೆಂದು ಆಕ್ರೋಶಪಟ್ಟರು. ಅಲ್ಲಿಯವನೂ ಉಳಿದ ಹಣವನ್ನು ತಿಂಗಳ ಬಿಲ್ಲಿನೊಳಗೆ ಸೇರಿಸಿ ತೆರುತ್ತಿದ್ದನೆಂಬುದು ಆಗ ಬಹುಮಂದಿಗೆ ಹೊಳೆಯಲಿಲ್ಲ. ನಮ್ಮಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಸಂಪರ್ಕಗಳು ಮೊದಲೇ ದುಡ್ಡು ಕಟ್ಟುವ ಪ್ರೀಪೇಯ್ಡ್ ಬಗೆಯವು. ಸಿಮ್ಮು ಬೇರೆ, ಫೋನು ಬೇರೆ. 2011ರ ಜನವರಿ 20ರಿಂದ ನಂಬರನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವ ಹಕ್ಕೂ ದೇಶದಾದ್ಯಂತ ಜಾರಿಗೆ ಬಂದಿತು. ಯಾವ ಕ್ಷಣದಲ್ಲಾದರೂ ಎದ್ದು ಹೋಗಬಲ್ಲ ಗಿರಾಕಿಗೆ ಸಾವಿರಾರು ರೂಪಾಯಿಯ ಫೋನನ್ನು ನಂಬಿ ಕೊಡುವವರು ಯಾರು?

ಹಾಗೆಂದು ಪ್ರಯತ್ನಗಳೇ ನಡೆಯಲಿಲ್ಲವೆಂದಲ್ಲ. 2003ರ ಮಳೆಗಾಲದಲ್ಲಿ ರಿಲಯನ್ಸ್ ಸಂಸ್ಥೆಯು 501 ರೂಪಾಯಿಯ ಮುಂಗಡಕ್ಕೆ ಫೋನು ಕೊಡುತ್ತೇವೆಂದು ಸಾರಿದಾಗ ಆದ ನೂಕುನುಗ್ಗಲು ನಡುವಯಸ್ಸಿನವರಿಗೆ ಇನ್ನೂ ನೆನಪಿರಬಹುದು. 2017ರಲ್ಲಿ ಜಿಯೋ ಕಂಪನಿಯು 1,500 ರೂಪಾಯಿಯ ಠೇವಣಿಯ ಮೇಲೆ, ಮೂರು ವರ್ಷಕ್ಕೆ ಹಿಂದಿರುಗಿಸುವ ಮಾತಿನೊಂದಿಗೆ, ಗುಂಡಿಯ ಫೋನನ್ನು ಹಂಚಿತು. ಅದೇ ವರ್ಷ ಏರ್‌ಟೆಲ್ ಕಂಪನಿಯು ಕಾರ್ಬನ್ ಫೋನೊಂದನ್ನು ‘1,399 ರೂಪಾಯಿಗೆ’ ಎಂದು ಜಾಹೀರುಪಡಿಸಿದಾಗ, ಆ 1,399ರ ಒಳಗುಟ್ಟನ್ನು ಬಿಡಿಸಿ ನೋಡಿದವರಿಗೆ ಕಂಡುದೇನೆಂದರೆ: ಅಂಗಡಿಯಲ್ಲಿ 2,899 ತೆರಬೇಕು, ಆ ಮೇಲೆ ತಪ್ಪದೆ 36 ತಿಂಗಳು 169 ರೂಪಾಯಿಯ ರೀಚಾರ್ಜು ಮಾಡಿಸಬೇಕು, ಮಾಡಿಸಿದ್ದಾದರೆ ಹದಿನೆಂಟನೆಯ ತಿಂಗಳಿಗೆ 500, ಮೂವತ್ತಾರನೆಯ ತಿಂಗಳಿಗೆ 1,000 ಮರಳಿ ಬರುತ್ತದೆ. ಅಂದರೆ 1,500 ರೂಪಾಯಿ ಹಿಂದಕ್ಕೆ ಪಡೆಯುವ ಸಲುವಾಗಿ 6,084 ರೂಪಾಯಿಯ ರೀಚಾರ್ಜಿನ ವ್ರತವನ್ನು ಮೂರು ವರ್ಷ ಭಂಗವಿಲ್ಲದೆ ಆಚರಿಸತಕ್ಕದ್ದು. 2021ರ ನವೆಂಬರಿನಲ್ಲಿ ಬಂದ ಜಿಯೋಫೋನ್ ನೆಕ್ಸ್ಟಿನ ಲೆಕ್ಕ ಇದಕ್ಕಿಂತ ನೇರವಾದುದು: ನಗದಿಗೆ 6,499, ಕಂತಿಗಾದರೆ ಆರಂಭದಲ್ಲಿ 1,999, ಸಂಸ್ಕರಣಾ ಶುಲ್ಕವೆಂದು 501, ಆಮೇಲೆ ಕಡಿಮೆ ಡೇಟಾದ ಯೋಜನೆಯಲ್ಲಿ ತಿಂಗಳಿಗೆ 300ರಂತೆ 24 ತಿಂಗಳು, ಒಟ್ಟು 9,700. ಹೆಚ್ಚುವರಿಯಾದ 3,201 ರೂಪಾಯಿಯಲ್ಲಿ ಎರಡು ವರ್ಷದ ಮಾತು ಮತ್ತು ಡೇಟಾ ಅಡಕವಾಗಿದ್ದವಾದುದರಿಂದ ಅದನ್ನು ಅನ್ಯಾಯವೆನ್ನಲಾರೆ. ಆದರೆ ಆ ಮೊತ್ತದಲ್ಲಿ ಮಾತಿನ ಬೆಲೆ ಎಷ್ಟು, ಸಾಲದ ಬೆಲೆ ಎಷ್ಟು ಎಂದು ವಿಂಗಡಿಸಿ ಹೇಳಬಲ್ಲ ಗಿರಾಕಿಯನ್ನು ನಾನು ಕಾಣೆ.

ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡುವ ಏರ್ಪಾಡಿನ ಗುಣದೋಷಗಳನ್ನು ಚಿನ್ನದ ಗಣಿಯ ಜನಕ್ಕೆ ಹೊರಗಿನವರು ಹೇಳಿಕೊಡಬೇಕಾದುದಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ಕಾಲಿಟ್ಟ ತರುವಾಯ ಕೂಲಿ ಕೊಟ್ಟವನೂ ಗಣಿ, ಇರಲು ಮನೆ ಕೊಟ್ಟವನೂ ಗಣಿ, ಕಾಯಿಲೆ ಬಿದ್ದರೆ ಆಸ್ಪತ್ರೆ ಕೊಟ್ಟವನೂ ಗಣಿಯೇ ಆಗಿದ್ದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರನ್ನು ಬಿಟ್ಟು ಮೊದಲು ಬಂದುದೂ ಗಣಿಗೆ. ಆ ಏರ್ಪಾಡು ನಡೆಯುವಷ್ಟು ಕಾಲ ಸುಖವಾಗಿಯೇ ಇತ್ತೆಂದು ಹಿರಿಯರು ಹೇಳುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2001ರ ಫೆಬ್ರುವರಿ 28ರಂದು, ಆಗ ಗಣಿಯನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದಾಗ ಹೋದುದು ಕೆಲಸ ಮಾತ್ರವಲ್ಲ. ಮನೆಯ ಹಕ್ಕು, ಆಸ್ಪತ್ರೆಯ ಆಸರೆ, ಎಲ್ಲವೂ ಒಂದೇ ದಿನ ಸಂಶಯಕ್ಕೆ ಸಿಲುಕಿದವು. ಕೊಡುವ ಕೈ ಒಂದೇ ಆಗಿದ್ದರೆ ಕಸಿದುಕೊಳ್ಳುವ ಕೈಯೂ ಒಂದೇ ಆಗಿರುತ್ತದೆಂಬ ಅನುಭವ ಆ ಕಾಲೊನಿಗಳಲ್ಲಿ ಇನ್ನೂ ಹಸಿಯಾಗಿದೆ. ಆದುದರಿಂದ ಫೋನನ್ನೂ ಸಂಪರ್ಕವನ್ನೂ ಬೇರೆಬೇರೆಯಾಗಿ ಕೊಳ್ಳುವ ನಮ್ಮ ಪದ್ಧತಿಯೇ ಲೇಸೆಂಬುದು ನನ್ನ ಮತ. ಇಪ್ಪತ್ತೆಂಟು ದಿನವನ್ನೇ ತಿಂಗಳೆಂದು ಕರೆದು ವರ್ಷಕ್ಕೆ ಹದಿಮೂರು ಸಲ ರೀಚಾರ್ಜು ಮಾಡಿಸುವ ಚಮತ್ಕಾರ ನಮ್ಮ ಕಂಪನಿಗಳಿಗೂ ಗೊತ್ತಿದೆ. ಮೂವತ್ತು ದಿನದ ಒಂದು ಯೋಜನೆಯನ್ನಾದರೂ ಇಡತಕ್ಕದ್ದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ ಆಜ್ಞೆ ಮಾಡಬೇಕಾಯಿತು. ಆದರೂ ಬೇಡವೆನಿಸಿದರೆ ಬಿಟ್ಟುಹೋಗಬಹುದು.

ಕಂತಿನ ಸಾಲವನ್ನು ಹಾಗೆ ಬಿಟ್ಟುಹೋಗಲಾಗದು. ಅಂಗಡಿಯಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹದಿನೆಂಟು ಸಾವಿರದ ಫೋನನ್ನು ಆರಿಸಿಕೊಂಡ ಹೆಂಗಸೊಬ್ಬಳನ್ನು, ಅಂಗಡಿಯ ಮೂಲೆಯಲ್ಲಿ ಟ್ಯಾಬು ಹಿಡಿದು ಕುಳಿತ ಸಾಲದ ಕಂಪನಿಯ ಹುಡುಗ ಕರೆಯುತ್ತಾನೆ. ಆಧಾರ್, ಪ್ಯಾನ್, ಬ್ಯಾಂಕಿನ ಪಾಸ್‌ಬುಕ್ಕು. ಮುಖವನ್ನು ಕ್ಯಾಮೆರಾಕ್ಕೆ ತೋರಿಸುವುದು. ಒಂದಾದಮೇಲೊಂದು ಬರುವ ಒಟಿಪಿಗಳನ್ನು ಓದಿ ಹೇಳುವುದು. “ಬಡ್ಡೀನೇ ಇಲ್ಲ ಅಕ್ಕ, ತಿಂಗಳಿಗೆ ಸಾವಿರದ ಎಂಟ್ನೂರು, ಹತ್ತೇ ತಿಂಗಳು. ಎರಡು ಕಂತು ಈಗ್ಲೇ ಕಟ್ಬಿಡಿ, ಎಂಟೇ ಉಳಿಯೋದು.” ಹತ್ತು ಹದಿನೆಂಟಲೆ ನೂರಾಎಂಬತ್ತು; ಲೆಕ್ಕ ಸರಿಯಾಗಿಯೇ ಇದೆ. ಹುಡುಗನು ಸುಳ್ಳು ಹೇಳಿದನೆನ್ನುವಂತಿಲ್ಲ. ಆದರೆ ಆಕೆ “ರೆಡಿ ಕ್ಯಾಶ್ ಕೊಟ್ರೆ ಎಷ್ಟಕ್ಕೆ ಬಿಡ್ತೀರಣ್ಣ?” ಎಂದು ಗಲ್ಲಾದ ಮೇಲಿನವನನ್ನು ಕೇಳಿದ್ದರೆ, ಹದಿನೇಳು ಸಾವಿರಕ್ಕೆ ಬಿಡುತ್ತಿದ್ದನೆಂದಿಟ್ಟುಕೊಳ್ಳಿ, ಸಂಸ್ಕರಣಾ ಶುಲ್ಕವೆಂದು ಐದುನೂರು ಬೇರೆ ಹಿಡಿದುಕೊಳ್ಳುತ್ತಾರೆಂದಿಟ್ಟುಕೊಳ್ಳಿ. ಆಗ ಆಕೆಯು ಅಂಗಡಿಯಲ್ಲಿಯೇ ತೆತ್ತದ್ದು ಎರಡು ಕಂತಿನ 3,600 ಮತ್ತು ಶುಲ್ಕದ 500, ಒಟ್ಟು 4,100. ಹದಿನೇಳು ಸಾವಿರದಲ್ಲಿ ಇದನ್ನು ಕಳೆದರೆ ಆಕೆಗೆ ನಿಜವಾಗಿ ದೊರೆತ ಸಾಲ 12,900. ಮುಂದೆ ಎಂಟು ತಿಂಗಳಲ್ಲಿ ಕಟ್ಟತಕ್ಕದ್ದು 14,400. ಹದಿನೈದುನೂರು ರೂಪಾಯಿ ತಾನೆ ಎಂದು ತೋರಬಹುದು. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಾ ಹೋಗುವುದನ್ನು ಗಣನೆಗೆ ತೆಗೆದುಕೊಂಡರೆ ಇದು ತಿಂಗಳಿಗೆ ನೂರಕ್ಕೆ ಎರಡೂವರೆ ರೂಪಾಯಿಯ ಬಡ್ಡಿ, ವರ್ಷಕ್ಕೆ ಮೂವತ್ತು. ಬೀದಿಯ ಲೇವಾದೇವಿಗಾರನು ಎರಡೂವರೆ ರೂಪಾಯಿ ಬಡ್ಡಿಯೆಂದು ಬಾಯಿಬಿಟ್ಟು ಕೇಳಿದ್ದರೆ ಆಕೆ ಒಂದು ಗಳಿಗೆ ಯೋಚಿಸುತ್ತಿದ್ದಳು.

ಸೊನ್ನೆ ಬಡ್ಡಿಯೆಂಬ ವಸ್ತುವೇ ಲೋಕದಲ್ಲಿಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತು. ಅದರ ಫಲವಾಗಿ ಬಡ್ಡಿ ಹೋಗಲಿಲ್ಲ, ಅದರ ವೇಷ ಬದಲಾಯಿತು: ತಯಾರಕನೋ ವ್ಯಾಪಾರಿಯೋ ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿಯೆಂದು ತೋರಿಸಿ ಸಾಲದವನಿಗೆ ದಾಟಿಸುವುದೂ, ನಗದಿನ ಗಿರಾಕಿಗೆ ಸಲ್ಲಬೇಕಾದ ಆ ರಿಯಾಯಿತಿ ಕಂತಿನ ಗಿರಾಕಿಗೆ ಸಲ್ಲದಿರುವುದೂ ಈಗಿನ ಕ್ರಮ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ನೂರಕ್ಕೆ ಹದಿನೆಂಟರಂತೆ ಜಿಎಸ್‌ಟಿಯೂ ಗಿರಾಕಿಯ ತಲೆಗೇ ಬರುತ್ತದೆ. 2024ರ ಅಕ್ಟೋಬರ್ 1ರಿಂದ, ಕ್ರೆಡಿಟ್ ಕಾರ್ಡಿನದನ್ನು ಬಿಟ್ಟು, ಇಂತಹ ಪ್ರತಿಯೊಂದು ಹೊಸ ಸಾಲಕ್ಕೂ ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ನಮೂದಿಸಿದ ಮುಖ್ಯಾಂಶಗಳ ಪತ್ರವನ್ನು, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ, ಕೊಡತಕ್ಕದ್ದೆಂಬ ನಿಯಮ ಜಾರಿಯಲ್ಲಿದೆ. ಒಳ್ಳೆಯ ನಿಯಮ. ಆದರೆ ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು ಉರ್ದು, ಕಚೇರಿಯಲ್ಲಿ ಕನ್ನಡ ಎಂಬಂತಿರುವ ಕೆ.ಜಿ.ಎಫ್.ನಲ್ಲಿ ತಿಳಿಯುವ ಭಾಷೆ ಯಾವುದೆಂದು ಗಿರಾಕಿಯನ್ನು ಕೇಳಿದವರುಂಟೆ? ಇಂಗ್ಲಿಷಿನ ಪಿಡಿಎಫ್ ಒಂದು ಹೊಸ ಫೋನಿಗೇ ಬಂದು ಬೀಳುತ್ತದೆ. ಫೋನು ತೆರೆಯುವ ಹೊತ್ತಿಗೆ ಸಾಲ ಆಗಿಹೋಗಿರುತ್ತದೆ. ಆ ಪತ್ರವನ್ನು ಒಟಿಪಿ ಕೇಳುವುದಕ್ಕೆ ಮೊದಲು ಕಾಗದದ ಮೇಲೆ ಕೈಗಿಡಲಿ. ಅದರ ತಲೆಯಲ್ಲಿ ಫೋನಿನ ನಗದು ಬೆಲೆ, ಗಿರಾಕಿ ಒಟ್ಟು ತೆರತಕ್ಕ ಮೊತ್ತ, ಸಂಪರ್ಕವೂ ಸೇರಿದ್ದರೆ ಅದರ ಬೆಲೆ, ಈ ಮೂರನ್ನು ಒಂದರ ಕೆಳಗೊಂದು ಬರೆಯಲಿ. ನಗದು ಬೆಲೆಯನ್ನು ಬರೆಯುವುದೇ ಅಂಗಡಿಯವರಿಗೆ ಅತ್ಯಂತ ಕಷ್ಟವಾದೀತೆಂಬುದು ನನಗೆ ಗೊತ್ತು; ಒತ್ತಾಯಿಸಬೇಕಾದುದೂ ಅದನ್ನೇ.

ಬೀಗದ ಮಾತು ಇದಕ್ಕಿಂತ ಗುರುತರವಾದುದು. ಕಂತಿನ ಫೋನಿನೊಳಗೆ ಸಾಲದವನು ಒಂದು ಆ್ಯಪನ್ನು ಹಾಕಿಟ್ಟು, ಕಂತು ತಪ್ಪಿದೊಡನೆ ದೂರದಿಂದಲೇ ಫೋನು ನಿಶ್ಚೇಷ್ಟಿತವಾಗುವಂತೆ ಮಾಡುವ ಉಪಾಯವುಂಟು. ಇದಕ್ಕೆ ಅವಕಾಶ ಕೊಡಬೇಕೆ ಬೇಡವೆ ಎಂಬುದು ಪರಿಶೀಲನೆಯಲ್ಲಿದೆಯೆಂದು 2025ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಹೇಳಿತು. ಬೀಗವಿಲ್ಲದಿದ್ದರೆ ವಸೂಲಿಯ ಭರವಸೆಯಿಲ್ಲ, ಭರವಸೆಯಿಲ್ಲದಿದ್ದರೆ ಬಡವನಿಗೆ ಸಾಲವೇ ಹುಟ್ಟದು ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹಾಜರಿಯೂ ಪಾಸೂ ಹಣವೂ ಒಂದೇ ಫೋನಿನಲ್ಲಿರುವವನ ಫೋನಿಗೆ ಬೀಗ ಹಾಕಿದರೆ, ಆ ಕಂತನ್ನು ದುಡಿದು ಕಟ್ಟುವ ದಾರಿಗೇ ಬೀಗ ಹಾಕಿದಂತಾಯಿತು. ಕಂತಿನ ಮೇಲೆ ಮಾರುವ ವಸ್ತುಗಳಿಗಾಗಿ ನಮ್ಮ ಸಂಸತ್ತು 1972ರಲ್ಲಿಯೇ ಒಂದು ಕಾಯಿದೆಯನ್ನು ಮಾಡಿತ್ತು; ಬೆಲೆಯ ಗೊತ್ತಾದ ಪಾಲು ಸಂದ ಮೇಲೆ ನ್ಯಾಯಾಲಯದ ಮೂಲಕವಲ್ಲದೆ ಮಾಲನ್ನು ಕಿತ್ತುಕೊಳ್ಳಕೂಡದೆಂಬ ವಿವೇಕ ಅದರಲ್ಲಿತ್ತು. ದುರ್ದೈವದಿಂದ ಆ ಕಾಯಿದೆಯನ್ನು ಒಂದು ದಿನವೂ ಜಾರಿಗೆ ತರದೆ 2005ರಲ್ಲಿ ರದ್ದುಪಡಿಸಿದರು. ಕಿರುಸಾಲದವರು ಮನೆಯ ಮುಂದೆ ನಿಂತು ಪೀಡಿಸುವುದನ್ನು ತಡೆಯಲು ನಮ್ಮ ರಾಜ್ಯ ಸರ್ಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತಷ್ಟೆ. ಮನೆಯ ಮುಂದೆ ನಿಲ್ಲದೆ, ಕೂತಲ್ಲಿಂದಲೇ ಬೆರಳೊತ್ತಿ ಪೀಡಿಸುವುದು ಪೀಡನೆಯಲ್ಲವೆ? ಅರ್ಧದಷ್ಟು ಕಂತು ಸಂದ ಫೋನಿಗೆ ಬೀಗ ಸಲ್ಲದು, ಅದಕ್ಕೆ ಮೊದಲು ಹಾಕಿದರೂ ಕರೆಯನ್ನೂ ಹಣ ಪಾವತಿಯನ್ನೂ ತಡೆಯಕೂಡದು ಎಂಬಷ್ಟನ್ನಾದರೂ ನಿಯಮದಲ್ಲಿ ಬರೆಯಬೇಕು.

ಹಾಗಾದರೆ ಕಂತೇ ಬೇಡವೆ ಎಂದು ಕೇಳಬಹುದು. ಕೆಟ್ಟುನಿಂತ ಫೋನಿನೊಡನೆ ನಾಳೆಯ ಕೆಲಸಕ್ಕೆ ಹೋಗಬೇಕಾದವನಿಗೆ ಕಾಸು ಕೂಡಿಟ್ಟು ಕೊಳ್ಳಯ್ಯಾ ಎಂದು ಉಪದೇಶಿಸುವುದು ನಿಷ್ಕರುಣೆ. ಆದರೆ ಇರುವ ಫೋನು ನಡೆಯುತ್ತಿರುವಾಗಲೇ, 5ಜಿ ಬಂತೆಂದೋ ಕ್ಯಾಮೆರಾ ಹೆಚ್ಚಿತೆಂದೋ ಹಳೆಯದನ್ನು ಎಕ್ಸ್‌ಚೇಂಜಿಗೆ ಹಾಕಿ ಹೊಸ ಕಂತಿಗೆ ಇಳಿಯುವವನ ವಿಷಯ ಬೇರೆ. ಬಹುಪಾಲು ಫೋನುಗಳಿಗೆ ಬೇಕಾಗಿರುವುದು ಹೊಸ ಬ್ಯಾಟರಿ, ಹೊಸ ಫೋನಲ್ಲ. ತಿಂಗಳಿಗೆ 1,800 ಕಟ್ಟಬಲ್ಲವನು ಅದನ್ನೇ ನಂಬಿಕಸ್ತರ ಚೀಟಿಗೋ ಬ್ಯಾಂಕಿನ ಆರ್‌ಡಿಗೋ ಹಾಕುತ್ತಾ ಬಂದರೆ ಹತ್ತನೆಯ ತಿಂಗಳಿಗೆ ನಗದಿನ ಬೆಲೆಗೆ ಅದೇ ಫೋನನ್ನು ತರಬಹುದು. ಅಷ್ಟು ಹೊತ್ತಿಗೆ ಅದರ ಬೆಲೆ ಇಳಿದಿರುವುದೂ ಸಂಭವ.

ಕೊನೆಯದಾಗಿ ಒಂದು ಸಣ್ಣ ವಿಷಯ. ಕಂತು ಕತ್ತರಿಸುವ ದಿನ ಸಾಮಾನ್ಯವಾಗಿ ತಿಂಗಳ ಮೊದಲ ವಾರದಲ್ಲಿಯೇ ಬೀಳುತ್ತದೆ; ಗುತ್ತಿಗೆಯ ಏಜೆನ್ಸಿಗಳಲ್ಲಿ ದುಡಿಯುವ ಭದ್ರತಾ ಕಾವಲುಗಾರರಿಗೂ ಆಸ್ಪತ್ರೆಗಳ ಹೌಸ್‌ಕೀಪಿಂಗಿನವರಿಗೂ ಸಂಬಳ ಬರುವುದು ಏಳಕ್ಕೋ ಹತ್ತಕ್ಕೋ. ಖಾತೆಯಲ್ಲಿ ಹಣವಿಲ್ಲದೆ ಕಂತು ಮರಳಿದರೆ ಬ್ಯಾಂಕಿನವರದೊಂದು ದಂಡ, ಸಾಲದವರದೊಂದು ದಂಡ, ಸಿಬಿಲ್ಲಿನಲ್ಲಿ ಕಪ್ಪುಚುಕ್ಕೆ ಬೇರೆ; ತಪ್ಪು ಮಾತ್ರ ಕ್ಯಾಲೆಂಡರಿನದು. ಹತ್ತಕ್ಕೆ ಸಂಬಳ ಬರತಕ್ಕವನಿಗೆ ಹನ್ನೆರಡನೆಯ ತಾರೀಖಿನ ಕಂತನ್ನು ಗೊತ್ತುಮಾಡಿಕೊಡುವುದಕ್ಕೆ ಯಾವ ಕಾಯಿದೆಯ ತಿದ್ದುಪಡಿಯೂ ಬೇಕಿಲ್ಲ, ರಿಸರ್ವ್ ಬ್ಯಾಂಕಿನ ಅಪ್ಪಣೆಯೂ ಬೇಕಿಲ್ಲ; ಟ್ಯಾಬು ಹಿಡಿದ ಆ ಹುಡುಗ, ಒಟಿಪಿ ಕೇಳುವುದಕ್ಕೆ ಮುಂಚೆ, “ಸಂಬಳ ಯಾವತ್ತು ಬರುತ್ತೆ ಅಕ್ಕ?” ಎಂದು ಕೇಳಬೇಕು, ಕೇಳಿದ್ದನ್ನು ಬರೆದುಕೊಳ್ಳಲು ಅವನ ಕಂಪನಿ ಆ ಟ್ಯಾಬಿನಲ್ಲಿ ಒಂದು ಖಾನೆಯನ್ನು ಇಟ್ಟಿರಬೇಕು.