ಹಳೆ ಕಾರಿಗೆ ಹೊಸ ತೂತು ಬೇಡ

2014ರಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಉಳಿದ ಕಾರುಗಳನ್ನು ಕೆಲವರು ಮಕ್ಕಳಂತೆ ಸಾಕುತ್ತಾರೆ. ಡ್ಯಾಶ್‌ಬೋರ್ಡಿನ ಡಬ್ಬಿಗೆ ಲಾಕ್, ಸ್ಟೇರಿಂಗಿಗೆ ಲಾಕ್, ಅದೂ ಆ ಕಾಲದ್ದೇ ಬೇಕೆಂದು ಗುಜರಿ ಅಂಗಡಿಗಳನ್ನು ಜಾಲಾಡುತ್ತಾರೆ. ಈ ಹುಚ್ಚು ನನಗೆ ಇಷ್ಟವೇ.

ಆದರೆ ಡ್ರಿಲ್ ಹಿಡಿಯುವ ಮುಂಚೆ ನಿಲ್ಲಬೇಕು. ಡಬ್ಬಿಯ ಲಾಕಿನ ಕೆಲಸ ಸರಳ: ಚಾವಿ ತಿರುಗಿಸಿದರೆ ಹಿಂದಿನ ನಾಲಿಗೆ ತಿರುಗಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಹಳೆ ಗುಬ್ಬಿಯ ತೂತಿನಲ್ಲೇ ಅದು ಕೂರುವುದಾದರೆ ಹಾಕಿಸಿ, ತೆಗೆದ ಗುಬ್ಬಿಯನ್ನು ಚೀಟಿ ಕಟ್ಟಿ ಜೋಪಾನ ಮಾಡಿ. ತಗಡು ಕೊರೆಯಬೇಕೆಂದರೆ ಬಿಟ್ಟುಬಿಡಿ. ಲಾಕನ್ನು ನಾಳೆ ಬಿಚ್ಚಬಹುದು, ತೂತು ಹಾಗೇ ಉಳಿಯುತ್ತದೆ.

ಸ್ಟೇರಿಂಗ್ ಲಾಕಿನ ಮಾತೇ ಬೇರೆ. ಸವೆದ ಹಳೆ ಲಾಕ್ ಓಡುವಾಗ ಸಿಕ್ಕಿಕೊಂಡರೆ ಕಾರು ತಿರುಗುವುದಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟುವ ನಮ್ಮ ರಸ್ತೆಗಳಲ್ಲಿ ಇದು ಜೀವದ ಪ್ರಶ್ನೆ. ನಿಲ್ಲಿಸಿದಾಗ ಮೇಲಿನಿಂದ ಸಿಕ್ಕಿಸುವ ಕಂಬಿ ಸಾಕು.

50 ವರ್ಷ ದಾಟಿದ ವಾಹನಗಳ ವಿಂಟೇಜ್ ನೋಂದಣಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸಿರಬಾರದು ಎನ್ನುತ್ತದೆ ಅದು. ಡಬ್ಬಿಯ ಲಾಕಿನ ಹೆಸರನ್ನೇ ಎತ್ತುವುದಿಲ್ಲ. ಹಾಗಾಗಿ ಮಾರುವಾಗ ನಾವೇ ಬಾಯಿಬಿಟ್ಟು ಹೇಳಬೇಕು: ಇದು ಕಂಪನಿಯದಲ್ಲ, ಆಮೇಲೆ ಹಾಕಿಸಿದ್ದು. ಸರಕಿನ ಐಬು ಮುಚ್ಚಿಡಬಾರದೆಂದು ಮದ್ರಸಾದಲ್ಲಿ ಚಿಕ್ಕಂದಿನಿಂದ ಕೇಳಿದ್ದೇವಲ್ಲ. ಲಾಕ್ ಹೇಗೆ ಐಬಾದೀತು ಎಂದು ಗೆಳೆಯರು ನಗುತ್ತಾರೆ. ಒರಿಜಿನಲ್ ಎಂದು ಹೇಳಿ ಹತ್ತು ಸಾವಿರ ಹೆಚ್ಚು ಕೇಳಿದರೆ ಆಗುತ್ತದೆ.